ಬರ್ಲಿನ್ ಸಂತೇಲಿ ನಮ್ಮ ಸೊಪ್ಪು ಸಿಗತ್ತಾ?

ಪ್ರಶ್ನೆ: ಗಂಡನ ಕೆಲಸಕ್ಕೆ ಅಂತ ಈ ವರ್ಷ ಬರ್ಲಿನ್‌ಗೆ ಬಂದ್ವಿ. ಸೂಪರ್‌ಮಾರ್ಕೆಟ್‌ನಲ್ಲಿ ಪಾಲಕ್ ಬಿಟ್ರೆ ಬೇರೆ ಸೊಪ್ಪೇ ಕಾಣಲ್ಲ, ಇಂಡಿಯನ್ ಅಂಗಡೀಲಿ ಒಂದು ಹಿಡಿ ಮೆಂತ್ಯಕ್ಕೆ ಕೇಳೋ ರೇಟ್ ನೋಡಿದ್ರೆ ತಗೊಳ್ಳೋಕೆ ಮನಸ್ಸೇ ಬರಲ್ಲ. ಟರ್ಕಿಯವರ ಸಂತೆ ನಡೆಯತ್ತಂತೆ, ಆದ್ರೆ ಜರ್ಮನ್ ಬರಲ್ಲ, ಹೋಗೋಕೆ ಹಿಂಜರಿಕೆ. ಅಲ್ಲಿ ಚೌಕಾಸಿ ನಡೆಯತ್ತಾ?
– ಓದುಗರೊಬ್ಬರು, ಬರ್ಲಿನ್

ಉತ್ತರ: ಖಂಡಿತ ಹೋಗಿ, ಭಾಷೆ ಬರಲ್ಲ ಅಂತ ಮನೇಲೇ ಕೂರಬೇಡಿ. ನೀವು ಹೇಳ್ತಿರೋದು ಮಾಯ್‌ಬಾಖ್‌ಊಫರ್ ಸಂತೆ ಇರಬೇಕು, ಕಾಲುವೆ ದಂಡೆ ಉದ್ದಕ್ಕೂ ಮಂಗಳವಾರ ಮತ್ತೆ ಶುಕ್ರವಾರ ನಡೆಯತ್ತೆ, ಊ8 (U8) ಮೆಟ್ರೋ ರೈಲಲ್ಲಿ ಶೋನ್‌ಲೈನ್‌ಸ್ಟ್ರಾಸೆ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡೇ ಹೋಗಬಹುದು. ಪಶ್ಚಿಮ ಜರ್ಮನಿ ಟರ್ಕಿ ಜೊತೆ ಕೆಲಸಗಾರರಿಗಾಗಿ ಮಾಡ್ಕೊಂಡ 1961ರ ಒಪ್ಪಂದದ ಮೇಲೆ ಟರ್ಕಿಯಿಂದ ಕೆಲಸಕ್ಕೆ ಬಂದವರು ಇಲ್ಲೇ ನೆಲೆನಿಂತು ತಮ್ಮ ಊಟಕ್ಕೆ ಬೇಕಾದ ತರಕಾರೀನ ಸಂತೆಗೂ ತಂದ್ರು, ಅದ್ರಿಂದ ನಮಗೂ ಅನುಕೂಲ ಆಯ್ತು.

ಮೊದಲು ಸಬ್ಬಸಿಗೆ ನೋಡಿ. ಜರ್ಮನ್ನರು ಡಿಲ್ ಅಂತಾರೆ, ಸೌತೆಕಾಯಿ ಸಲಾಡ್‌ಗೆ, ಮೀನಿಗೆ ಹಾಕ್ತಾರೆ, ಟರ್ಕಿಯವರಿಗೂ ಬೇಕೇ ಬೇಕು. ಅದ್ರಲ್ಲಿ ಅಕ್ಕಿ ರೊಟ್ಟಿ ತಟ್ಟಿ ನೋಡಿ, ಊರಿನ ಘಮ ಅಡುಗೆಮನೆ ತುಂಬಾ ಬರತ್ತೆ. ಬೇಸಿಗೇಲಿ ಸೆಮಿಜೊತು ಅಂತ ದಪ್ಪ ಎಲೆ, ಕೆಂಪು ದಂಟಿನ ಸೊಪ್ಪು ಇಟ್ಟಿರ್ತಾರೆ, ಅದು ನಮ್ಮ ಗೋಣಿ ಸೊಪ್ಪೇ, ಸ್ವಲ್ಪ ಹುಳಿ ಇರತ್ತೆ, ತೊಗರಿಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದ್ರೆ ಮುದ್ದೆಗೆ ಬೇರೇನೂ ಬೇಡ. ನವಿಲುಕೋಸಂತೂ ಜರ್ಮನ್ನರ ಮನೆ ತರಕಾರಿ. ಎಳೆ ಎಲೆ ಇರೋದನ್ನೇ ಆರಿಸಿ, ಕೆಲವ್ರು ಎಲೆ ಮುರಿದು ಅಲ್ಲೇ ಬಿಟ್ಟು ಹೋಗ್ತಾರೆ, ನೀವು ಹಾಗೆ ಮಾಡಬೇಡಿ, ಎಲೆ ಹೆಚ್ಚಿ ಕಾಯಿತುರಿ ಹಾಕಿ ಪಲ್ಯ ಮಾಡಿ. ಪಾಲಕ್ ಬೇರು ಸಮೇತ ಸಿಗತ್ತೆ, ಮಣ್ಣು ಜಾಸ್ತಿ, ಅಗಲ ಪಾತ್ರೇಲಿ ನೀರು ಬದಲಾಯಿಸಿ ಬದಲಾಯಿಸಿ ತೊಳೀರಿ. ಉದ್ದ ಹಸಿ ಮೆಣಸಿನಕಾಯಿ ನೋಡಿ ಖಾರ ಅನ್ಕೊಂಡು ತರಬೇಡಿ, ಬಹಳಷ್ಟು ಸಪ್ಪೆ, 'ಶಾರ್ಫ್?' (ಖಾರಾನಾ?) ಅಂತ ಕೇಳಿ, ಹೌದು ಅಂದ್ರೆ ತಗೊಳ್ಳಿ.

ಕೈ ಹಾಕೋ ಮುಂಚೆ ಪಕ್ಕದವರು ಏನ್ ಮಾಡ್ತಾರೆ ನೋಡಿ. ಕೆಲವು ಕಡೆ ನಾವೇ ಕವರ್‌ಗೆ ತುಂಬಬಹುದು, ಕೆಲವು ಕಡೆ ಅಂಗಡಿಯವರೇ ಆರಿಸಿ ಕೊಡ್ತಾರೆ, ಅಲ್ಲಿ ನಾವು ಟೊಮೇಟೊ ಒತ್ತಿ ನೋಡಿದ್ರೆ ಬೇಜಾರು ಮಾಡ್ಕೊತಾರೆ. ಬೆರಳು ತೋರಿಸಿ 'ಐನ್ ಕೀಲೋ' ಅಂದ್ರೆ ಸಾಕು, ಸೊಪ್ಪಿನ ಕಟ್ಟಿಗೆ 'ಐನ್ ಬುಂಟ್'. ಚಿಲ್ಲರೆ ಕಾಸು ಇಟ್ಕೊಂಡಿರಿ, ಎಲ್ಲಾ ಕಡೆ ಕಾರ್ಡ್ ನಡೆಯಲ್ಲ.

ನಮ್ಮ ಕೆ.ಆರ್. ಮಾರ್ಕೆಟ್ ತರ ಪ್ರತಿ ಕಟ್ಟಿಗೂ ಚೌಕಾಸಿ ಇಲ್ಲಿ ರೂಢಿ ಇಲ್ಲ. ಆದ್ರೆ ಸಂಜೆ ಸಂತೆ ಮುಗಿಯೋ ಹೊತ್ತಿಗೆ ಹೋದ್ರೆ ಅವರೇ ಕೂಗಿ ಕೂಗಿ ರೇಟ್ ಇಳಿಸ್ತಾರೆ, ಒಂದು ಯೂರೋಗೆ ರಾಶಿ ಮೆಣಸಿನಕಾಯೀನೋ ಟೊಮೇಟೋನೋ ಕೊಟ್ಬಿಡ್ತಾರೆ, ಅವತ್ತೇ ಗೊಜ್ಜು, ತೊಕ್ಕು ಮಾಡ್ಕೊಳ್ಳೋ ಹಾಗಿದ್ರೆ ಮಾತ್ರ ತಗೊಳ್ಳಿ, ತಳದಲ್ಲಿ ಮೆತ್ತಗಾಗಿರತ್ತೆ. ಸೊಪ್ಪು ಬೇಕಂದ್ರೆ ಸಂಜೆ ತನಕ ಕಾಯಬೇಡಿ, ಬಾಡಿರತ್ತೆ.

ಮೆಂತ್ಯ ಸೊಪ್ಪು ಅಲ್ಲಿ ಸಿಗೋದು ಕಷ್ಟ. ಅದಕ್ಕೆ ಇಂಡಿಯನ್ ಅಂಗಡೀಗೂ ಹೋಗಬೇಡಿ, ಅಡುಗೆಗೆ ತಂದ ಮೆಂತ್ಯ ಕಾಳನ್ನೇ ರಾತ್ರಿ ನೆನೆಹಾಕಿ, ಬಿಸಿಲು ಬೀಳೋ ಕಿಟಕಿ ಹತ್ರ ಅಗಲ ಕುಂಡದಲ್ಲಿ ಹರಡಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಬೇಸಿಗೇಲಿ ಬೇಗ ಕೊಯ್ಲಿಗೆ ಬರತ್ತೆ.