ನೀರು ಕಡಿಮೆ ಇರುವಲ್ಲಿ ಹಕ್ಕಿಗಳಿಗಾಗಿ ಕವಳಿ

ವರ್ಷವಿಡೀ ಹಸಿರಾಗಿದ್ದು, ಬರ ತಡೆದುಕೊಂಡು, ಹಕ್ಕಿಗಳಿಗೆ ಹಣ್ಣು ಕೊಡುವ ನಮ್ಮದೇ ನೆಲದ ಪೊದೆ ಯಾವುದು, ಅದನ್ನು ಬೇಲಿಯಾಗಿ ಬೆಳೆಸಬಹುದೇ ಎಂದು ನೀವು ಕೇಳಿದ್ದೀರಿ. ನಾನು ಹೇಳುವುದು ಕವಳಿ. ಬೇಲಿಗೂ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ಸದಾ ಕತ್ತರಿ ಆಡಿಸಿ ಗೋಡೆಯಂತೆ ಸಮ ಮಾಡಿದರೆ ಹಸಿರು ಉಳಿಯುತ್ತದೆಯೇ ಹೊರತು ಹಣ್ಣು ಉಳಿಯುವುದಿಲ್ಲ.

ಇದಕ್ಕೆ ಕಾರಣ ಗಿಡವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕವಳಿಯ ಪರಿಮಳದ ಬಿಳಿ ಹೂಗಳು ಹೆಚ್ಚಾಗಿ ರೆಂಬೆಗಳ ತುದಿಯಲ್ಲೇ ಗೊಂಚಲಾಗಿ ಅರಳುತ್ತವೆ, ಕತ್ತರಿಗೆ ಮೊದಲು ಸಿಗುವುದೂ ಅದೇ ತುದಿ. ಆದ್ದರಿಂದ ಹಣ್ಣಿನ ಕಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ, ದಾರಿಗೆ ಚಾಚಿದ ರೆಂಬೆಗಳನ್ನಷ್ಟೇ ತೆಗೆಯಿರಿ. ಅದಕ್ಕೂ ಮೊದಲು ಒಳಗೆ ಗೂಡು ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಗಟ್ಟಿ ಮುಳ್ಳುಗಳ ಆ ಪೊದೆಯೊಳಕ್ಕೆ ಬೆಕ್ಕು ನುಗ್ಗುವುದು ಕಷ್ಟವಾದ್ದರಿಂದ ಸಣ್ಣ ಹಕ್ಕಿಗಳಿಗೆ ಅದು ಒಳ್ಳೆಯ ಆಸರೆ.

ಕವಳಿಯಲ್ಲಿ ಎರಡು ಬಗೆಗಳು ಸಾಮಾನ್ಯವಾಗಿ ಸಿಗುತ್ತವೆ. ಉಪ್ಪಿನಕಾಯಿಗೆಂದು ಬೆಳೆಸುವ ಕ್ಯಾರಿಸ್ಸಾ ಕರಂಡಾಸ್‌ನ ಕಾಯಿ ದಪ್ಪ. ಕುರುಚಲು ಕಾಡಿನ ಕ್ಯಾರಿಸ್ಸಾ ಸ್ಪಿನಾರಮ್‌ನ ಹಣ್ಣು ಚಿಕ್ಕದು, ಮಾಗಿದಾಗ ಕಪ್ಪು. ಹಕ್ಕಿಗಳೇ ನಿಮ್ಮ ಉದ್ದೇಶವಾದರೆ ಎರಡನೆಯದನ್ನು ಆರಿಸಿ, ಪಿಕಳಾರದಂಥ ಸಣ್ಣ ಕೊಕ್ಕಿನ ಹಕ್ಕಿಗೆ ಚಿಕ್ಕ ಹಣ್ಣೇ ಸಲೀಸು. ಹಕ್ಕಿ ತಿನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಲಂಟಾನ ನೆಡಬೇಡಿ ಎಂದು ವಿನಂತಿಸುತ್ತೇನೆ: ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಆ ಗಿಡವನ್ನು ಹಕ್ಕಿಗಳೇ ಊರೆಲ್ಲ ಬಿತ್ತುತ್ತವೆ, ಅದು ಹಬ್ಬಿದಲ್ಲಿ ಸ್ಥಳೀಯ ಗಿಡಗಳಿಗೆ ಎಡೆ ಇರುವುದಿಲ್ಲ.

ಕವಳಿಯ ಕಡ್ಡಿ ಸುಲಭವಾಗಿ ಬೇರು ಬಿಡುವುದಿಲ್ಲ, ಹಾಗಾಗಿ ಬೀಜವೇ ಅನುಕೂಲ. ಪೂರ್ತಿ ಕಪ್ಪಾದ ಹಣ್ಣನ್ನು ನೀರಿನಲ್ಲಿ ಹಿಸುಕಿ, ಚಪ್ಪಟೆ ಬೀಜಗಳಿಗೆ ಅಂಟಿದ ತಿರುಳು ಹೋಗುವವರೆಗೆ ತೊಳೆದು, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಎತ್ತಿಟ್ಟ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಸಿ ಮೊದಲಿಗೆ ನಿಧಾನವಾಗಿ ಬೆಳೆಯುತ್ತದೆ, ಅದು ಸಹಜ.

ಚೆನ್ನಾಗಿ ಬಲಿತ ಸಸಿಯನ್ನು ಮಳೆಗಾಲದ ಆರಂಭದಲ್ಲಿ, ಪೂರ್ತಿ ಬಿಸಿಲು ಬೀಳುವ ಕಡೆ ನೆಡಿರಿ. ಬೇಲಿಗಾದರೆ ಸಸಿಗಳ ನಡುವೆ ಸುಮಾರು 1 ಮೀಟರ್ ಸಾಕು, ಬಿಡಿ ಪೊದೆಗೆ ಇನ್ನೂ ಹೆಚ್ಚು ಜಾಗ ಬೇಕು. ಮೊರಂಬು, ಕಲ್ಲು ನೆಲವಾದರೂ ಚಿಂತೆಯಿಲ್ಲ, ನೀರು ನಿಲ್ಲುವ ನೆಲ ಮಾತ್ರ ಆಗದು. ಬರ ತಡೆಯುತ್ತದೆ ಎಂದ ಮಾತ್ರಕ್ಕೆ ಎಳೆಯ ಗಿಡವನ್ನು ಹಾಗೆಯೇ ಬಿಡುವಂತಿಲ್ಲ. ಮೊದಲ ಎರಡು ಬೇಸಿಗೆಗಳಲ್ಲಿ ದಿನವೂ ಚಿಮುಕಿಸುವುದಕ್ಕಿಂತ ಕೆಲವು ದಿನಗಳಿಗೊಮ್ಮೆ ಬುಡ ಚೆನ್ನಾಗಿ ನೆನೆಯುವಂತೆ ನೀರು ಕೊಟ್ಟು, ಒಣ ಎಲೆಯ ಹೊದಿಕೆ ಹಾಕಿದರೆ ಬೇರು ಆಳಕ್ಕೆ ಇಳಿಯುತ್ತದೆ. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬೇಡಿ, ಪರಾಗಸ್ಪರ್ಶ ಮಾಡುವ ಕೀಟಗಳು ಸತ್ತರೆ ಕಾಯಿ ಕಟ್ಟುವುದೂ ಕಡಿಮೆಯಾಗುತ್ತದೆ. ಹಣ್ಣು ನಿಮಗೂ ಬೇಕೆನಿಸಿದರೆ ಹೊರಗಿನ, ಕೈಗೆಟುಕುವ ರೆಂಬೆಗಳಿಂದ ಕಿತ್ತುಕೊಂಡು, ಒಳಗಿನವನ್ನು ಹಕ್ಕಿಗಳಿಗೆ ಬಿಡಿ.