ಗುಳಿಗೆ ನಿಲ್ಲಿಸುವ ಮುನ್ನ

ಮಗನಿಗೆ ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ, ಫಿಟ್ಸ್ ತಡೆಯುವ ಗುಳಿಗೆ ಕಾರ್ಬಮಜೆಪಿನ್‌ನಿಂದ ಮಂಕಾಗಿದ್ದಾನೆ, ನಿಲ್ಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ ಅಕ್ಕ.

ನಮ್ಮ ಉಡುಪಿ ಕಡೆಯ, ಕಿಂಡಿಗಳಿಗೆ ಹಲಗೆ ಹಾಕಿ ಹೊಳೆಯ ನೀರು ತಡೆಯುವ ಕಿಂಡಿ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ನರಕೋಶದ ಪೊರೆಯಲ್ಲೂ ಅಂಥ ಕಿಂಡಿಗಳಿವೆ. ಅವು ತೆರೆದಾಗ ಸೋಡಿಯಂ ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ, ಮರುಕ್ಷಣ ಮುಚ್ಚಿಕೊಳ್ಳುತ್ತವೆ. ಫಿಟ್ಸ್ ಬಂದಾಗ ಅಸಂಖ್ಯ ಕೋಶಗಳು ಒಟ್ಟಾಗಿ, ಬಿಡುವಿಲ್ಲದೆ ಸಂಕೇತ ಸಿಡಿಸುತ್ತವೆ. ಕಾರ್ಬಮಜೆಪಿನ್ ಮುಚ್ಚಿದ ಕಿಂಡಿಯ ಹಲಗೆಯನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ. ಸಾವಕಾಶದ ಸಂಕೇತಗಳು ದಾಟುತ್ತವೆ, ಬಿರುಸಿನವು ಅಲ್ಲೇ ಅಡಗುತ್ತವೆ. ಮಗ ಓದಿಕೊಂಡು ಆಡಿಕೊಂಡು ಇರುವಾಗಲೇ ಫಿಟ್ಸ್ ಮಾತ್ರ ದೂರವಾಗಿರುವುದು ಹೀಗೆ. ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧ ಕ್ಲೊಬಜಾಮ್‌ನದು ಬೇರೆ ದಾರಿ: ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ಮೆದುಳಿನ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ.

ಆದರೆ ಗುಳಿಗೆ ಹಲಗೆಯನ್ನು ಹಿಡಿಯುತ್ತದೆಯೇ ಹೊರತು ಹೊಳೆಯನ್ನು, ಅಂದರೆ ಫಿಟ್ಸ್ ಬರುವ ಸ್ವಭಾವವನ್ನು, ಬದಲಿಸುವುದಿಲ್ಲ. ಫಿಟ್ಸ್ ಇರುವ ನನ್ನ ತಮ್ಮ ಮದುವೆಯ ಗಡಿಬಿಡಿಯಲ್ಲಿ ಎರಡು ದಿನ ಗುಳಿಗೆ ಬಿಟ್ಟ. ಮೂರನೆಯ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಬಿದ್ದ. ತುಂಬಿದ ಕೊಡಪಾನ ಉರುಳಿದ ಸದ್ದು ಈಗಲೂ ಕಿವಿಯಲ್ಲಿದೆ.

ಮಂಕು, ತೂಕಡಿಕೆ ಆಗುವುದುಂಟು, ನಿಮ್ಮ ಸಂಕಟ ಸುಳ್ಳಲ್ಲ. ನರರೋಗ ತಜ್ಞರಿಗೆ ಹೇಳಿ. ಪ್ರಮಾಣವನ್ನೋ ಔಷಧವನ್ನೋ ಬದಲಿಸಬಹುದು. ಸಾಮಾನ್ಯವಾಗಿ ಸುಮಾರು 2 ವರ್ಷ ಫಿಟ್ಸ್ ಬಾರದಿದ್ದ ಮೇಲೆಯೇ ಅವರು ಸ್ವಲ್ಪ ಸ್ವಲ್ಪವಾಗಿ ಇಳಿಸುವ ಯೋಚನೆ ಮಾಡುತ್ತಾರೆ.