ಶಿಕಾಗೊ ಬಿಟ್ಟು ಡಲ್ಲಾಸ್‌ಗೆ ಹೋಗೋದಾ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾವು ಹನ್ನೊಂದು ವರ್ಷದಿಂದ ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇವೆ. ಈಗ ನಮ್ಮ ಯಜಮಾನರ ಕಂಪನಿ ಅವರನ್ನು ಡಲ್ಲಾಸ್ ಕಡೆಗೆ ಕರೆಯುತ್ತಿದೆ. ಸ್ನೇಹಿತರೆಲ್ಲ ಡಲ್ಲಾಸ್ ಹೊರಗಿನ ಫ್ರಿಸ್ಕೊದಲ್ಲಿ ಮನೆ ತಗೊಳ್ಳಿ ಎನ್ನುತ್ತಾರೆ. ಅಲ್ಲಿ ತೆರಿಗೆ ಇಲ್ಲ, ಹಿಮ ಇಲ್ಲ, ನಮ್ಮ ಜನ ಜಾಸ್ತಿ ಅಂತ. ನಾನು ದಿನಾ ರೈಲಿನಲ್ಲಿ ಶಿಕಾಗೊ ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಕಾರು ಓಡಿಸಲು ಬರುತ್ತದೆ, ಆದರೆ ಹೈವೇ ಅಂದರೆ ಕೈ ಬೆವರುತ್ತದೆ. ಅತ್ತೆಯವರು ವರ್ಷಕ್ಕೆ ಆರು ತಿಂಗಳು ನಮ್ಮ ಜೊತೆ ಇರುತ್ತಾರೆ. ಮಗಳು ಆರನೇ ಕ್ಲಾಸು. ನೀವು ಎರಡೂ ಕಡೆ ಇದ್ದು ಬಂದವರು. ಯಾವ ಊರು ವಾಸಿ? ಸುತ್ತಿ ಬಳಸದೆ ಹೇಳಿ. ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ: ನಮಸ್ಕಾರ. ಹೆಸರು ಹಾಕಿಲ್ಲ. ಸುತ್ತಿ ಬಳಸದೆ ಹೇಳುವುದಾದರೆ, ನಿಮ್ಮೊಬ್ಬರ ಮಟ್ಟಿಗೆ ನೇಪರ್‌ವಿಲ್ಲೇ ವಾಸಿ. ಮನೆಯವರೆಲ್ಲರ ಮಟ್ಟಿಗೆ ಕೇಳಿದರೆ, ನಿಮ್ಮ ಸ್ನೇಹಿತರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಉಳಿದರ್ಧವನ್ನು ಮಾಡೋಣ.

ನಾನು 2012ರಿಂದ ಏಳು ವರ್ಷ ನಿಮ್ಮ ಪಕ್ಕದ ಅರೋರಾದಲ್ಲಿದ್ದೆ. ಆಮೇಲೆ ನಾಲ್ಕು ವರ್ಷ ಫ್ರಿಸ್ಕೊ ಪಕ್ಕದ ಪ್ಲೇನೊದಲ್ಲಿ. ಈಗ ಮೈಸೂರಿನಲ್ಲಿ ಕೂತು ಈ ಪತ್ರಿಕೆ ನೋಡಿಕೊಳ್ಳುತ್ತೇನೆ. ಹಾಗಾಗಿ ನನಗೆ ಎರಡೂ ಊರಿನ ಮೇಲೆ ಈಗ ಸಾಲವೂ ಇಲ್ಲ, ಹಂಗೂ ಇಲ್ಲ.

ಮೊದಲು ಒಂದು ತಿದ್ದುಪಡಿ. ನೀವು ಶಿಕಾಗೊ ಬಿಟ್ಟು ಡಲ್ಲಾಸ್‌ಗೆ ಹೋಗುತ್ತಿಲ್ಲ. ನೇಪರ್‌ವಿಲ್ ಬಿಟ್ಟು ಫ್ರಿಸ್ಕೊಗೆ ಹೋಗುತ್ತಿದ್ದೀರಿ. 2020ರ ಜನಗಣತಿಯಲ್ಲಿ ಶಿಕಾಗೊ ಮಹಾನಗರ ಪ್ರದೇಶದ ಜನಸಂಖ್ಯೆ 96 ಲಕ್ಷ ದಾಟಿತ್ತು. ಅದರಲ್ಲಿ ಶಿಕಾಗೊ ನಗರದೊಳಗೆ ಇದ್ದವರು 27 ಲಕ್ಷ ಮಾತ್ರ. ಡಲ್ಲಾಸ್-ಫೋರ್ಟ್‌ವರ್ತ್ ಪ್ರದೇಶದಲ್ಲಿ 76 ಲಕ್ಷ, ಡಲ್ಲಾಸ್ ನಗರದೊಳಗೆ 13 ಲಕ್ಷ. ಅಂದರೆ ಎರಡೂ ಕಡೆ ಹೆಚ್ಚಿನ ಜನ ಇರೋದು ನಿಮ್ಮಂಥ ಹೊರ ಊರುಗಳಲ್ಲೇ. ಮಿಶಿಗನ್ ಸರೋವರದ ದಂಡೆ, ಮುಗಿಲೆತ್ತರದ ಕಟ್ಟಡ, ಮ್ಯೂಸಿಯಂ ಇವೆಲ್ಲ ಊರಿನಿಂದ ನೆಂಟರು ಬಂದಾಗ ತೋರಿಸೋಕೆ. ನಿಮ್ಮ ಮಂಗಳವಾರ ಬೆಳಿಗ್ಗೆ ಹೇಗಿರುತ್ತದೆ ಅನ್ನೋದನ್ನು ಅವು ತೀರ್ಮಾನ ಮಾಡುವುದಿಲ್ಲ.

ನಿಮ್ಮ ಮಂಗಳವಾರ ಬೆಳಿಗ್ಗೆಯನ್ನು ತೀರ್ಮಾನ ಮಾಡುವುದು ರೈಲು. ನೇಪರ್‌ವಿಲ್‌ಗೆ ರೈಲು ಬಂದದ್ದು 1864ರಲ್ಲಿ. ಇವತ್ತಿಗೂ ಅದೇ ದಾರಿಯಲ್ಲಿ ಮೆಟ್ರಾ ಓಡುತ್ತದೆ. ಎಕ್ಸ್‌ಪ್ರೆಸ್ ಸಿಕ್ಕರೆ ಮುಕ್ಕಾಲು ಗಂಟೆಯೊಳಗೆ ಶಿಕಾಗೊದ ಯೂನಿಯನ್ ಸ್ಟೇಷನ್. ಕಾಫಿ ಕುಡಿದು, ಒಂದಿಷ್ಟು ಓದಿ, ಎದುರು ಸೀಟಿನವರ ಜೊತೆ ಹವೆಯ ಬಗ್ಗೆ ನಾಲ್ಕು ಮಾತಾಡುವಷ್ಟರಲ್ಲಿ ಇಳಿಯೋ ಜಾಗ ಬಂದಿರುತ್ತದೆ. ನೀವು ಇದನ್ನು ಸೌಕರ್ಯ ಅಂದುಕೊಂಡಿರಬಹುದು. ನನ್ನ ಪ್ರಕಾರ ಅದು ನಿಮ್ಮ ಸಂಬಳದ ಒಂದು ಭಾಗ.

ಈಗ ಫ್ರಿಸ್ಕೊ. ತಮಾಷೆ ನೋಡಿ, ಆ ಊರಿಗೆ ಆ ಹೆಸರು ಬಂದದ್ದೇ ರೈಲಿನಿಂದ. ಸೇಂಟ್ ಲೂಯಿಸ್-ಸ್ಯಾನ್ ಫ್ರಾನ್ಸಿಸ್ಕೊ ರೈಲ್ವೆಯನ್ನು ಜನ ಚಿಕ್ಕದಾಗಿ ಫ್ರಿಸ್ಕೊ ಎನ್ನುತ್ತಿದ್ದರು. ಹಳಿಯ ಪಕ್ಕ ಹುಟ್ಟಿದ ಊರು 1904ರಲ್ಲಿ ಆ ಹೆಸರನ್ನೇ ಇಟ್ಟುಕೊಂಡಿತು. ಆದರೆ ಇವತ್ತು ಅಲ್ಲಿಂದ ನೀವು ಕೆಲಸಕ್ಕೆ ಹತ್ತಿಕೊಂಡು ಹೋಗುವ ರೈಲು ಒಂದೂ ಇಲ್ಲ. ಡಲ್ಲಾಸಿನ ಡಾರ್ಟ್ ರೈಲು 2002ರಲ್ಲಿ ಪಕ್ಕದ ಪ್ಲೇನೊ ತನಕ ಬಂದು ನಿಂತಿತು. ಮುಂದಕ್ಕೆ ಯಾಕೆ ಬರಲಿಲ್ಲ? ದುಡ್ಡಿನ ವಿಷಯ. ಟೆಕ್ಸಾಸಿನಲ್ಲಿ ಸೇಲ್ಸ್ ಟ್ಯಾಕ್ಸ್ ಹೆಚ್ಚೆಂದರೆ ನೂರಕ್ಕೆ 8.25. ಅದರಲ್ಲಿ 6.25 ರಾಜ್ಯಕ್ಕೆ, ಉಳಿದ ಎರಡು ಊರಿಗೆ. ಡಾರ್ಟ್ ಬೇಕೆಂದ ಊರು ಆ ಎರಡರಲ್ಲಿ ಒಂದನ್ನು ರೈಲಿಗೆ ಕೊಡಬೇಕು. ಫ್ರಿಸ್ಕೊ ಅದನ್ನು ರೈಲಿಗೆ ಕೊಡಲಿಲ್ಲ. ಕಂಪನಿಗಳನ್ನು ಕರೆತರೋಕೆ, ಪಾರ್ಕು, ಕ್ರೀಡಾಂಗಣ ಕಟ್ಟೋಕೆ ಬಳಸಿತು. ಫಲವೂ ಸಿಕ್ಕಿತು ಅನ್ನಿ. 2000ದಲ್ಲಿ ಸುಮಾರು 34 ಸಾವಿರ ಜನರಿದ್ದ ಊರಿನಲ್ಲಿ 2020ರ ಹೊತ್ತಿಗೆ ಎರಡು ಲಕ್ಷ ಜನ. ಊರಿನವರ ಮಟ್ಟಿಗೆ ಅದು ಜಾಣತನದ ಲೆಕ್ಕವೇ. ಹೈವೇ ಅಂದರೆ ಕೈ ಬೆವರುವವರು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಫ್ರಿಸ್ಕೊದಲ್ಲಿ ಟೋಲ್ ರಸ್ತೆ ಹತ್ತದೆ ದಿನ ಕಳೆಯುವುದು ಕಷ್ಟ. ಟೋಲ್‌ವೇಯಲ್ಲಿ ಬೆಳಿಗ್ಗೆ ಎಂಟಕ್ಕೆ ಲೇನ್ ಬದಲಿಸುವುದು ಕಲಿಯಬಹುದು, ಕಲಿಯಲಾಗದ್ದೇನಲ್ಲ. ನಮ್ಮ ಮನೆಯಲ್ಲೇ ಒಬ್ಬರು ನಲವತ್ತೆರಡನೇ ವಯಸ್ಸಿನಲ್ಲಿ ಕಲಿತರು. ಆದರೆ ಮೊದಲ ಮೂರು ತಿಂಗಳು ಅವರು ಕಾರಿನಿಂದ ಇಳಿದು ಮಾತಾಡದೆ ಒಳಗೆ ಹೋಗಿಬಿಡುತ್ತಿದ್ದರು. ಅದನ್ನು ಲೆಕ್ಕದ ಹಾಳೆಯ ಯಾವ ಕಾಲಂನಲ್ಲಿ ಬರೆಯೋದು?

ಇನ್ನು ತೆರಿಗೆ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅನ್ನೋದು ನಿಜ. ನಿಮ್ಮ ರಾಜ್ಯ ಇಲಿನಾಯ್‌ನಲ್ಲಿ ಎಲ್ಲರಿಗೂ ಒಂದೇ ದರ, ನೂರಕ್ಕೆ 4.95. ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಬರುವ ಮನೆಗೆ ಏಳು ಸಾವಿರ ಡಾಲರ್ ಆಸುಪಾಸು ಉಳಿಯುತ್ತದೆ. ಸಣ್ಣ ಮೊತ್ತವಲ್ಲ. ಆದರೆ ಇದೇ ಹೊತ್ತಿಗೆ ನಿಮ್ಮ ಸಂಬಳ ನಿಲ್ಲುತ್ತದಲ್ಲ? ಅಲ್ಲಿ ಹೊಸ ಕೆಲಸ ಸಿಗಲು ಆರು ತಿಂಗಳಾದರೆ, ಉಳಿತಾಯದ ಎಷ್ಟು ವರ್ಷ ಅದಕ್ಕೇ ಹೋಯಿತು ಅಂತ ಯಜಮಾನರ ಜೊತೆ ಕೂತು ಲೆಕ್ಕ ಹಾಕಿ. ಮನೆ ತೆರಿಗೆ ಎರಡೂ ರಾಜ್ಯದಲ್ಲಿ ಜೋರು, ಅದರಲ್ಲಿ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಟೆಕ್ಸಾಸಿನ ಹೊಸ ಬಡಾವಣೆಗಳಲ್ಲಿ ರಸ್ತೆ, ನೀರು, ಚರಂಡಿಗೆ ಮಾಡಿದ ಸಾಲವನ್ನೂ ಮನೆಯವರೇ ತೀರಿಸುವ ಏರ್ಪಾಡು ಇರುತ್ತದೆ. ಮನೆ ನೋಡುವಾಗ ಈ ಏರ್ಪಾಡಿನ ಹೆಸರಾದ ಮಡ್, ಪಿಡ್ ಎಂಬ ಎರಡು ಪದ ಕಿವಿಗೆ ಬಿದ್ದರೆ ಮಾತು ನಿಲ್ಲಿಸಿ ವಿವರ ಕೇಳಿ. ಆಮೇಲೆ ಆಲಿಕಲ್ಲು. ಅಲ್ಲಿ ವಸಂತದಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳುವುದು ಸುದ್ದಿಯೇ ಅಲ್ಲ. ಅದಕ್ಕೇ ಮನೆ ವಿಮೆ ದುಬಾರಿ. ಇಷ್ಟೆಲ್ಲ ಕಳೆದ ಮೇಲೂ ಏನೋ ಸ್ವಲ್ಪ ಉಳಿಯಬಹುದು. ಮನೆಯೇ ಅಗ್ಗ ಅನ್ನುವ ಮಾತು ಮಾತ್ರ ಹಳೆಯದು. ಫ್ರಿಸ್ಕೊದಲ್ಲಿ ಈಗ ಒಳ್ಳೆಯ ಮನೆ ನೇಪರ್‌ವಿಲ್‌ಗಿಂತ ಅಗ್ಗವೇನಲ್ಲ.

ಮನೆ ಅಂದಾಗ ನೆನಪಾಯಿತು. ನಿಮ್ಮ ಅತ್ತೆಯವರಿಗೆ ಎರೆಭೂಮಿ ಗೊತ್ತಿದ್ದರೆ ಡಲ್ಲಾಸ್ ಅರ್ಥವಾಗಿಬಿಡುತ್ತದೆ. ಅಲ್ಲಿನ ಮಣ್ಣು ಗದಗ, ಧಾರವಾಡದ ಕಡೆಯ ಕರಿಮಣ್ಣಿನ ಹಾಗೇ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದರ ಮೇಲೆ ಕಾಂಕ್ರೀಟ್ ಹಾಸಿ ಮನೆ ಕಟ್ಟಿರುತ್ತಾರೆ. ಮಣ್ಣು ಬಿರಿದರೆ ಗೋಡೆಯೂ ಬಿರಿಯುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಮನೆಯ ಸುತ್ತ ತೂತಿನ ಪೈಪು ಹಾಕಿ ಪಾಯಕ್ಕೆ ನೀರುಣಿಸಬೇಕು! ಗಿಡಕ್ಕಲ್ಲ, ಮನೆಗೆ. ಪ್ಲೇನೊದಲ್ಲಿ ಪಕ್ಕದ ಮನೆಯವರು ಇದನ್ನು ಹೇಳಿದಾಗ ನನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡಿದ್ದೆ. ಎರಡನೇ ಬೇಸಿಗೆಯಲ್ಲಿ ಅಡುಗೆಮನೆ ಬಾಗಿಲು ಹಾಕಿಕೊಳ್ಳಲೇ ಇಲ್ಲ. ಪೈಪು ತಂದೆ. ಶಿಕಾಗೊ ಕಡೆ ಕಥೆ ಬೇರೆ. ಚಳಿಗಾಲದಲ್ಲಿ ನೆಲ ಆಳದ ತನಕ ಹೆಪ್ಪುಗಟ್ಟುವುದರಿಂದ ಪಾಯ ಅದಕ್ಕಿಂತ ಕೆಳಗೆ ಇಳಿಯಲೇಬೇಕು. ಹೇಗೂ ಅಷ್ಟು ಅಗೆದ ಮೇಲೆ ನೆಲಮಾಳಿಗೆ ಆಯಿತು. ನಿಮ್ಮ ಮಗಳು ಫೆಬ್ರವರಿಯಲ್ಲಿ ಆಡುವ ಆ ಬೇಸ್‌ಮೆಂಟ್ ಫ್ರಿಸ್ಕೊದಲ್ಲಿ ಸಿಗುವುದಿಲ್ಲ. ಸುಂಟರಗಾಳಿಯ ಸೈರನ್ ಕೂಗಿದಾಗ ಅಲ್ಲಿ ಬಚ್ಚಲಲ್ಲೋ ಬಟ್ಟೆ ಇಡುವ ಕೋಣೆಯಲ್ಲೋ ಕೂರಬೇಕು.

ಹವೆಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ಚಳಿಯ ಮೇಲೆ ನಂಬಿಕೆ ಜಾಸ್ತಿ. 2019ರ ಜನವರಿ 30ರಂದು ಶಿಕಾಗೊದಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್. ನೀವೂ ಅಲ್ಲೇ ಇದ್ದಿರಿ. ಶಾಲೆ ಮುಚ್ಚಿದವು, ಅಂಚೆ ನಿಂತಿತು, ಹಳಿಗಳ ಕೂಡುಜಾಗ ಹೆಪ್ಪುಗಟ್ಟದಿರಲಿ ಅಂತ ಅದರ ಪಕ್ಕ ಗ್ಯಾಸಿನ ಬೆಂಕಿ ಉರಿಸಿದರು. ಆದರೆ ಮನೆಯೊಳಗೆ ನಾವು ಬೆಚ್ಚಗಿದ್ದೆವು. ಆ ಊರು ಚಳಿಯನ್ನು ಶತಮಾನದಿಂದ ಕಂಡಿದೆ. ಹಿಮ ತೆಗೆದ ಜಾಗದಲ್ಲಿ ಮುರುಕಲು ಕುರ್ಚಿ ಇಟ್ಟು ಪಾರ್ಕಿಂಗ್ ಹಿಡಿಯುವ ಶಿಕಾಗೊದವರನ್ನು ನೋಡಿದಾಗಲೆಲ್ಲ ನನಗೆ ಕಿಟಕಿಯಿಂದ ಟವಲ್ ಎಸೆದು ಬಸ್ ಸೀಟು ಹಿಡಿಯುವ ನಮ್ಮವರೇ ನೆನಪಾಗುತ್ತಿದ್ದರು.

ಡಲ್ಲಾಸಿನಲ್ಲಿ ಹಿಮ ಇಲ್ಲ ಅನ್ನುತ್ತಾರಲ್ಲ ನಿಮ್ಮ ಸ್ನೇಹಿತರು? ನಾನೂ ಹಾಗೇ ನಂಬಿ ದಪ್ಪ ಜಾಕೆಟ್‌ಗಳನ್ನೆಲ್ಲ ದಾನ ಮಾಡಿ ಹೋಗಿದ್ದೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 19 ಡಿಗ್ರಿಗೆ ಇಳಿಯಿತು. ಟೆಕ್ಸಾಸಿನ ವಿದ್ಯುತ್ ಜಾಲ ದೇಶದ ಉಳಿದ ಜಾಲಗಳಿಂದ ಬಹುಪಾಲು ಬೇರೆಯಾಗಿದೆ. ಗ್ಯಾಸ್ ಬಾವಿ, ಪೈಪು, ವಿದ್ಯುತ್ ಘಟಕ ಎಲ್ಲ ಒಟ್ಟಿಗೆ ಹೆಪ್ಪುಗಟ್ಟಿದಾಗ ಹೊರಗಿನಿಂದ ಸಾಕಷ್ಟು ಕರೆಂಟು ತರಲು ದಾರಿ ಇರಲಿಲ್ಲ. ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ ಕತ್ತಲಾದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ನಮ್ಮ ಮನೆಯಲ್ಲಿ ಮೂವತ್ತು ಗಂಟೆ ಕರೆಂಟಿರಲಿಲ್ಲ. ಇದ್ದಬದ್ದ ರೇಷ್ಮೆ ಸೀರೆ, ಪಂಚೆ, ಬೆಡ್‌ಶೀಟ್ ಎಲ್ಲ ಹೊದ್ದು ಒಂದೇ ಕೋಣೆಯಲ್ಲಿ ಮಲಗಿದೆವು. ಇಂಥದ್ದು ವರ್ಷ ವರ್ಷ ಆಗುವುದಿಲ್ಲ, ಆಮೇಲೆ ಕಾನೂನೂ ಬಿಗಿಯಾಯಿತು. ಆದರೂ ಹೊಸ ಮನೆಗೆ ಹೋದರೆ ಒಂದು ದಪ್ಪ ಜಾಕೆಟ್ ಇಟ್ಟುಕೊಳ್ಳಿ.

ಅಲ್ಲಿನ ನಿಜವಾದ ಕಷ್ಟಕಾಲ ಬೇಸಿಗೆ. 2011ರಲ್ಲಿ ಸತತ 40 ದಿನ ತಾಪಮಾನ ನೂರು ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್ ಮುಟ್ಟಿತ್ತು. ಕಲಬುರಗಿಯವರು ಇದನ್ನು ಓದಿ ನಗಬಹುದು. ಆದರೆ ಕಲಬುರಗಿಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂರೋಕೆ ಜನ ಸಿಗುತ್ತಾರೆ. ಫ್ರಿಸ್ಕೊದಲ್ಲಿ ಆಗಸ್ಟ್ ಸಂಜೆ ಬೀದಿಗಿಳಿದರೆ ಏಸಿ ಸದ್ದು ಬಿಟ್ಟು ಏನೂ ಕೇಳಿಸದು.

ಇಲ್ಲಿಗೆ ನಿಮ್ಮ ಅತ್ತೆಯವರ ವಿಷಯ. ಅವರು ಯಾವ ಆರು ತಿಂಗಳು ಬರುತ್ತಾರೆ ಅನ್ನೋದನ್ನು ನೀವು ಬರೆದಿಲ್ಲ. ಹೆಚ್ಚಿನವರ ಹಾಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಆದರೆ ನೇಪರ್‌ವಿಲ್‌ನಲ್ಲಿ ಅವರಿಗೆ ಅತ್ಯಂತ ಒಳ್ಳೆಯ ಕಾಲ, ಫ್ರಿಸ್ಕೊದಲ್ಲಿ ಅತ್ಯಂತ ಕೆಟ್ಟದ್ದು. ನೇಪರ್‌ವಿಲ್‌ನಲ್ಲಿ ಬೆಳಿಗ್ಗೆ ನದಿ ಪಕ್ಕದ ದಾರಿಯಲ್ಲಿ ನಡೆದು, ಪೇಟೆಯಲ್ಲಿ ಒಂದು ಸುತ್ತು ಹಾಕಿ ಬರಬಹುದು. ಚಳಿಗಾಲಕ್ಕೆ ಬರುವವರಾದರೆ ತಕ್ಕಡಿ ಫ್ರಿಸ್ಕೊ ಕಡೆ ವಾಲುತ್ತದೆ. ಡಿಸೆಂಬರಿನಲ್ಲಿ ನಿಮ್ಮಲ್ಲಿ ನಾಲ್ಕೂ ಇಪ್ಪತ್ತರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಅಲ್ಲಿ ಅವನು ಇನ್ನೂ ಒಂದು ಗಂಟೆ ಇರುತ್ತಾನೆ, ಅಂಗಳದಲ್ಲಿ ಓಡಾಡಲೂ ಆಗುತ್ತದೆ. ನನ್ನ ತಾಯಿ ಎರಡೂ ಕಡೆ ಇದ್ದು ಹೋದವರು. ಅವರಿಗೆ ಟೆಕ್ಸಾಸಿನ ಜನವರಿ ಬಹಳ ಹಿಡಿಸಿತ್ತು.

ದೇವಸ್ಥಾನ, ಕನ್ನಡ ಸಂಘದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅರೋರಾದ ಬಾಲಾಜಿಗೆ ಬದಲು ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಂತ. ವಿದ್ಯಾರಣ್ಯ ಕನ್ನಡ ಕೂಟಕ್ಕೆ ಬದಲು ಮಲ್ಲಿಗೆ ಕನ್ನಡ ಸಂಘ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕದ ಸಮ್ಮೇಳನ ಶಿಕಾಗೊದಲ್ಲಿ 2008ರಲ್ಲಿ ಆಯಿತು, ಡಲ್ಲಾಸಿನಲ್ಲಿ 2018ರಲ್ಲಿ. ಎರಡೂ ಕಡೆ ಊಟದ ಸಾಲು ಉದ್ದವೇ. ಬೆಂಗಳೂರಿನಿಂದ ಬರುವವರಿಗೆ ದುಬೈಯಲ್ಲೋ ದೋಹಾದಲ್ಲೋ ಒಂದು ಸಲ ವಿಮಾನ ಬದಲಿಸಿದರೆ ಎರಡೂ ಊರು ಸಿಗುತ್ತವೆ.

ಮಗಳ ಶಾಲೆ? ಎರಡೂ ಚೆನ್ನಾಗಿವೆ. ಒಂದನ್ನು ಮಾತ್ರ ಈಗಲೇ ತಿಳಿದುಕೊಳ್ಳಿ. ಟೆಕ್ಸಾಸಿನಲ್ಲಿ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನ ಮೇಲಿನ ಸ್ಥಾನದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಸೀಟು. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆ ಗೆರೆಯನ್ನು 2026ರಿಂದ ಮೇಲಿನ ಶೇಕಡಾ 5ಕ್ಕೆ ಇಳಿಸಿದ್ದಾರೆ. ಫ್ರಿಸ್ಕೊದ ಶಾಲೆಗಳಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಪ್ರತಿ ಮಗುವಿನ ಮನೆಯಲ್ಲೂ ನಿಮ್ಮಂಥ ಅಪ್ಪ ಅಮ್ಮ ಇರುತ್ತಾರೆ. ಅಲ್ಲಿ ಮೇಲಿನ ಐದರಲ್ಲಿ ನಿಲ್ಲಲು ಮಕ್ಕಳು ಪಡುವ ಪಾಡು ನೋಡಿದ್ದೇನೆ. ಅದು ಊರಿನ ದೋಷವಲ್ಲ, ನಾವೆಲ್ಲ ಒಂದೇ ಕಡೆ ಹೋಗಿ ಗುಂಪು ಕಟ್ಟಿದ್ದರ ಫಲ.

ಹಾಗಂತ ಇಲಿನಾಯ್ ಬಿಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೆಲಸ ಆ ಕಡೆ ಹರಿಯುತ್ತಿರುವುದು ಸುಳ್ಳಲ್ಲ. ಟೊಯೊಟಾ 2017ರಲ್ಲಿ ಪ್ಲೇನೊಗೆ ಬಂತು. 2022ರಲ್ಲಿ ಕ್ಯಾಟರ್‌ಪಿಲ್ಲರ್ ಶಿಕಾಗೊ ಪಕ್ಕದ ಡೀರ್‌ಫೀಲ್ಡ್ ಬಿಟ್ಟು ಡಲ್ಲಾಸ್ ಪಕ್ಕದ ಅರ್ವಿಂಗ್‌ಗೆ ಮುಖ್ಯ ಕಚೇರಿ ಸಾಗಿಸುವುದಾಗಿ ಹೇಳಿತು. ನಿಮ್ಮ ಯಜಮಾನರ ಕಂಪನಿಯೂ ಅದೇ ಗಾಳಿಯಲ್ಲಿದೆ. ಅವರು ಹೋಗಲೇಬೇಕಾದರೆ ನನ್ನ ಸಲಹೆ ಇಷ್ಟು: ಫ್ರಿಸ್ಕೊದಲ್ಲಿ ಮನೆ ಕೊಳ್ಳಬೇಡಿ. ಪ್ಲೇನೊದ ಹಳೆಯ ಭಾಗದಲ್ಲಿ, ಡಾರ್ಟ್ ಸ್ಟೇಷನ್ನಿನ ಹತ್ತಿರ ಒಂದು ವರ್ಷ ಬಾಡಿಗೆಗಿರಿ. ಮನೆ ಹಳೆಯದಿರುತ್ತದೆ, ಮರ ದೊಡ್ಡದಿರುತ್ತದೆ. ನಿಮಗೆ ಡಲ್ಲಾಸ್ ಪೇಟೆಯಲ್ಲಿ ಕೆಲಸ ಸಿಕ್ಕರೆ ರೈಲಿನಲ್ಲೇ ಹೋಗಿ ಬರಬಹುದು. ನೇಪರ್‌ವಿಲ್ ಮನೆಯನ್ನು ಆ ವರ್ಷ ಮಾರಬೇಡಿ, ಬಾಡಿಗೆಗೆ ಕೊಡಿ.

ನೋಡಿಬರಲು ಹೋಗುವುದಾದರೆ ಏಪ್ರಿಲ್‌ನಲ್ಲಿ ಹೋಗಬೇಡಿ. ಆಗ ರಸ್ತೆ ಪಕ್ಕವೆಲ್ಲ ನೀಲಿ ಬ್ಲೂಬಾನೆಟ್ ಹೂವು, ಯಾರಾದರೂ ಮರುಳಾಗುತ್ತಾರೆ. ಆಗಸ್ಟ್ ಎರಡನೇ ವಾರ ಹೋಗಿ. ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಟೋಲ್‌ವೇಯಲ್ಲಿ ನೀವೇ ಕಾರು ಓಡಿಸಿ, ಯಜಮಾನರು ಪಕ್ಕದಲ್ಲಿ ಕೂರಲಿ. ಮಧ್ಯಾಹ್ನ ನಾಲ್ಕಕ್ಕೆ ನೋಡಿದ ಮನೆಯಿಂದ ಹಾಲು ತರಲು ನಡೆದು ಹೋಗಿ ನೋಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಅಭಿಪ್ರಾಯ ಏನು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ, ನನಗೆ ಅದನ್ನು ತಿಳಿಯುವ ಕುತೂಹಲ ಜಾಸ್ತಿ.